ದೊಡ್ಡಪ್ಪ ರುಚಿ ನೋಡಿದರು

ನಮ್ಮ ದೊಡ್ಡಪ್ಪನ ನಾಲಗೆ ಮಾಡುವಾಗ ದೇವರಿಗೆ ಏನೋ ಅವಸರವಿತ್ತು ಅಂತ ಕಾಣುತ್ತದೆ. ಉಪ್ಪು, ಹುಳಿ, ಖಾರ ತಿಳಿಯುವ ಭಾಗವನ್ನೆಲ್ಲ ಎರಡರಷ್ಟು ಇಟ್ಟ. 'ಚೆನ್ನಾಗಿದೆ' ಅನ್ನುವ ಭಾಗ ಇಡುವುದನ್ನೇ ಮರೆತುಬಿಟ್ಟ!

ಸಂತೇಪೇಟೆಯಲ್ಲಿ ಅವರದು ಬೆಲ್ಲದ ಮಂಡಿ. ಅಚ್ಚಿನ ಮೂಲೆ ಮುರಿದು ಬಾಯಿಗೆ ಹಾಕಿಕೊಂಡು, ಹಾಗಲಕಾಯಿ ತಿಂದವರ ಹಾಗೆ ಮುಖ ಕಿವುಚಿ, 'ಏನೋ ಇದೆ' ಅನ್ನುವುದು ಆ ಕಸುಬಿನ ಮೊದಲ ಪಾಠ. "ಚೆನ್ನಾಗಿದೆ ಅಂದ್ಬುಟ್ರೆ ರೇಟು ಏರ್ಬುಡುತ್ತೆ ಕಣಮ್ಮ" ಅಂತ ನನಗೂ ಬುದ್ಧಿ ಹೇಳುತ್ತಿದ್ದರು. ಮಂಡಿಯಲ್ಲಿ ಅದು ಸರಿ. ಮನೆಯ ಉಪ್ಪಿಟ್ಟಿಗೆ ಯಾವ ರೇಟು ಏರುತ್ತದೆ ಹೇಳಿ?

ದೊಡ್ಡಮ್ಮನನ್ನು ನೋಡಲು ಹೋದ ದಿನ ಹೆಣ್ಣಿನ ಕಡೆಯವರು ಉಪ್ಪಿಟ್ಟು ಕೊಟ್ಟು, ಬಾಗಿಲ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರಂತೆ. ಗಂಡು ಆಡಿದ ಮೊದಲ ಮಾತು, "ಸಾಸಿವೆ ಸೀದಿದೆ." ಎರಡನೆಯದು, "ನಮಗೆ ಒಪ್ಪಿಗೆ." ದೊಡ್ಡಮ್ಮ ಇದನ್ನು ಹೇಳಿಕೊಂಡು ಬಿದ್ದು ಬಿದ್ದು ನಗುತ್ತಿದ್ದಳು. ಆದರೆ ಕೊನೆಗೆ, "ಸಾಯೋದ್ರೊಳಗೆ ಒಂದ್ಸಲ ಇವ್ರ ಬಾಯಲ್ಲಿ ಚೆನ್ನಾಗಿದೆ ಅನ್ನಿಸ್ಕೋಬೇಕು ನೋಡು" ಅನ್ನುವಾಗ ಆ ನಗು ಸಣ್ಣದಾಗುತ್ತಿತ್ತು. ಮಕ್ಕಳಿಲ್ಲದ ಮನೆ. ಒಂಟಿಕೊಪ್ಪಲಿನ ನಮ್ಮ ಬೀದಿಯಲ್ಲೇ ಇದ್ದ ಆ ಮನೆಯಲ್ಲಿ ಅವಳ ಬೆಳಗು ಬೈಗೆಲ್ಲ ಆ ಒಂದು ತಟ್ಟೆಯ ಸುತ್ತಲೇ ಕಳೆಯುತ್ತಿತ್ತು.

ಮಠದ ದಾಸೋಹದಲ್ಲಿ ಪ್ರಸಾದಕ್ಕೆ ತಪ್ಪು ಹೇಳಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ, ಪಕ್ಕದಲ್ಲೇ ಕೂತಿದ್ದೆ! ಬಡಿಸುವವರು ಭಕ್ತಿಯಿಂದ ಬಗ್ಗಿ, "ಪಾಯಸಕ್ಕೆ ಬೆಲ್ಲ ಇನ್ನೊಂಚೂರು ಬೇಕಾ ಸ್ವಾಮಿ?" ಅಂದರು. "ಬೇಕಿತ್ತು. ಕುದಿಯುವಾಗ ಬೇಕಿತ್ತು. ಈಗ್ಯಾಕೆ ಬುಡಿ" ಅಂದರು ದೊಡ್ಡಪ್ಪ. ಅಂದಿನಿಂದ ಮಠದಲ್ಲಿ ಅವರ ಎಲೆಗೆ ಬಡಿಸಲು ಹೊಸಬರನ್ನೇ ಕಳಿಸುತ್ತಿದ್ದರು.

ಇಂಥವರನ್ನು ಸರ್ಕಾರವೇ ಕರೆದು ರುಚಿ ನೋಡುವ ಕೆಲಸಕ್ಕೆ ಕೂರಿಸಿತು ಅಂದರೆ ನಂಬುತ್ತೀರಾ?

ಆ ವರ್ಷ ಮಳೆ ಹಗಲು ರಾತ್ರಿ ಅನ್ನದೆ ಸುರಿದು, ವಿಜಯನಗರ ಬಡಾವಣೆಯ ಆಚೆ ಕೆರೆಯ ಕೆಳಗಿದ್ದ ಮನೆಗಳಿಗೆ ನೀರು ನುಗ್ಗಿತು. ಮಣ್ಣಿನ ಗೋಡೆಗಳು ಕೂತುಹೋದವು. ಅಲ್ಲಿನವರನ್ನು ನಮ್ಮ ಬೀದಿಯ ಶಾಲೆಗೆ ತಂದು ಇಳಿಸಿದರು. ಒದ್ದೆ ಕಂಬಳಿ, ಟ್ರಂಕು, ಕೆಮ್ಮುವ ಮಕ್ಕಳು. ಒಬ್ಬಳು ಅಜ್ಜಿಯಂತೂ ಬೀಗ ಹಾಕಲು ಬಾಗಿಲೇ ಉಳಿಯದ ಮನೆಯ ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡು ಗೋಡೆಗೊರಗಿದ್ದಳು. ಅಕ್ಕಿ, ಬೇಳೆ, ಸೀಮೆಎಣ್ಣೆ ಸರ್ಕಾರದ್ದು. ತರಕಾರಿ ಮತ್ತು ಕೈಕೆಲಸ ಬೀದಿಯವರದ್ದು. ಹಂಡೆ ಕೊಳಗ ಮಠದ್ದು. ಒಲೆಯ ಯಜಮಾನಿಕೆ ದೊಡ್ಡಮ್ಮನದು.

ರೆವಿನ್ಯೂ ಇನ್ಸ್‌ಪೆಕ್ಟರು ಪಾಪ, ಊರಿಗೆ ಹೊಸಬರು. "ಬಡಿಸೋಕ್ ಮುಂಚೆ ಹಿರಿಯರೊಬ್ರು ರುಚಿ ನೋಡಿ ಹೇಳ್ಬೇಕು, ಸಾಹೇಬ್ರ ಆರ್ಡರು" ಅಂತ ಸುತ್ತ ನೋಡಿ, ಬಿಳಿ ಪಂಚೆಯ ದೊಡ್ಡಪ್ಪನಿಗೇ ಕೈ ಮುಗಿದರು. ಹೆಂಗಸರೆಲ್ಲ ಸೌಟು ಬಿಟ್ಟು ತಲೆಯ ಮೇಲೆ ಕೈ ಹೊತ್ತುಕೊಂಡರು!

ದೊಡ್ಡಪ್ಪ ಮೊದಲು ಮೂಟೆಯೊಳಗೆ ಕೈಹಾಕಿ ಅಕ್ಕಿ ಮೂಸಿದರು, ಕಾಳು ಕಚ್ಚಿದರು, ಅಕ್ಕಿ ಕೆಟ್ಟಿಲ್ಲ ಅನ್ನುವ ಹಾಗೆ ತಲೆ ಆಡಿಸಿದರು. ಆಮೇಲೆ ಶುರುವಾಯಿತು. ಅನ್ನ ಮುದ್ದೆ. ಬೇಳೆ ಕಲ್ಲು. ಮಾರನೆಯ ದಿನವಂತೂ ಸಾರಿಗೆ ಉಪ್ಪು ಹಾಕಿದ್ದಾರೋ ಇಲ್ಲವೋ ಅಂತ ಬಂದವರೆಲ್ಲ ಒಂದೊಂದು ಹಿಡಿ ಹಾಕಿದ್ದರು. ದೊಡ್ಡಪ್ಪ ಒಂದು ತೊಟ್ಟು ನೆಕ್ಕಿ, "ಇನ್ಸ್‌ಪೆಕ್ಟ್ರೇ, ನೀರು ನುಗ್ಗಿದ್ದು ಕೆರೇದಾ, ಸಮುದ್ರದ್ದಾ?" ಅಂತ ಶಾಲೆಯೆಲ್ಲ ಕೇಳುವಂತೆ ಕೂಗಿದರು. ದೊಡ್ಡಮ್ಮ ಸಾರಿಗೆ ಬಿಸಿನೀರು ಬೆರೆಸಿದಳು. ನಿರಾಶ್ರಿತರಿಗೆ ಮಾತ್ರ ಇದೊಂದು ಮೋಜಾಯಿತು. ಆ ಕತ್ತಲೆ ಕೋಣೆಗಳಲ್ಲಿ ನಗುವುದಕ್ಕೆ ಬೇರೆ ಏನಿತ್ತು?

ಆ ಸಂಜೆ ಮಗುವೊಂದು ವಾಂತಿ ಮಾಡಿಕೊಂಡಿತು. ಡಾಕ್ಟರು ಬಂದು ನೋಡಿ ಶೀತಜ್ವರ ಅಂದರು. ಆದರೆ ಬೆಳಗಾಗುವುದರೊಳಗೆ ಸುದ್ದಿ ಬೆಳೆದಿತ್ತು. ಅಕ್ಕಿಗೆ ಹುಳದ ಔಷಧಿ ಬೆರೆತಿದೆಯಂತೆ, ಇನ್ನೆಲ್ಲೋ ಯಾರೋ ಸತ್ತರಂತೆ! ಮಧ್ಯಾಹ್ನ ಎಲೆ ಹಾಕಿದರೆ ಒಬ್ಬರೂ ಬಂದು ಕೂರಲಿಲ್ಲ. ಹಸಿದ ಮಕ್ಕಳನ್ನು ತಾಯಂದಿರು ರಟ್ಟೆ ಹಿಡಿದು ಹಿಂದಕ್ಕೆಳೆದರು. ಇನ್ಸ್‌ಪೆಕ್ಟರು ಬೇಡಿಕೊಂಡರು. ಗುಂಪಿನಿಂದ ಯಾರೋ, "ಅಂಗಾದ್ರೆ ನೀವೇ ಒಂದ್ ತುತ್ತು ತಿನ್ನಿ ಸ್ವಾಮಿ" ಅಂದರು. ಇನ್ಸ್‌ಪೆಕ್ಟರು ಬೆವರು ಒರೆಸಿಕೊಂಡು, "ನಂದು... ಮನೇಲೇ ಆಯ್ತು" ಅಂದುಬಿಡಬೇಕೆ! ಅಲ್ಲಿಗೆ ಕಥೆ ಮುಗಿಯಿತು. "ನೋಡುದ್ರಾ?" ಅಂತ ಎಲ್ಲರೂ ಒಳಕ್ಕೆ ತಿರುಗಿದರು. ದೊಡ್ಡಮ್ಮ ಕೊಳಗದ ಪಕ್ಕ ಸೌಟು ಹಿಡಿದು ನಿಂತೇ ಇದ್ದಳು. ತಾನೇ ವಿಷ ಹಾಕಿದೆನೇನೋ ಅನ್ನುವ ಹಾಗೆ ಅವಳ ಮುಖ ಬಿಳಿಚಿತ್ತು.

ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಖಾಲಿ ಸಾಲಿನ ನಡುವೆ ಚಕ್ಕಂಬಕ್ಕಲ ಹಾಕಿ ಕೂತರು. "ಬಡ್ಸು" ಅಂದರು. ಅನ್ನ ಬಂತು, ಸಾರು ಬಂತು. ಕಲಸಿ ಒಂದು ತುತ್ತು ಬಾಯಿಗಿಟ್ಟರು. ಎಲ್ಲರೂ ಬಾಗಿಲಲ್ಲಿ ನಿಂತು ಅವರ ಗಂಟಲನ್ನೇ ನೋಡುತ್ತಿದ್ದರು. ದೊಡ್ಡಪ್ಪ ನುಂಗಿದರು.

"ಚೆನ್ನಾಗಿದೆ" ಅಂದರು.

"ಏನಂದ್ರಿ ಯಜಮಾನ್ರೇ?" ಅಂದಳು ಬೀಗದ ಕೈಯ ಅಜ್ಜಿ. "ಚೆನ್ನಾಗಿದೆ ಅಂದೆ, ಕಿವಿ ಕೇಳ್ಸಲ್ವಾ? ಇನ್ನೊಂದ್ ಸೌಟು ಹಾಕು!" ಅಜ್ಜಿ ಬಂದು ಪಕ್ಕದಲ್ಲಿ ಕೂತಳು. "ಇವ್ರೇ ಚೆನ್ನಾಗಿದೆ ಅಂದ್ಮೇಲೆ ಇನ್ನೇನು ಬುಡ್ರಪ್ಪ" ಅಂದಳು. ಸಾಲು ತುಂಬಿತು. ನಾನೂ ಕೂತು ಒಂದು ತುತ್ತು ಬಾಯಿಗಿಟ್ಟೆ. ಸಾರಿಗೆ ಉಪ್ಪೇ ಇರಲಿಲ್ಲ! ಹಿಂದಿನ ದಿನದ ಬೈಗುಳಕ್ಕೆ ಹೆದರಿ, ಆ ದಿನ ಒಬ್ಬರೂ ಉಪ್ಪಿನ ಡಬ್ಬಿ ಮುಟ್ಟಿರಲಿಲ್ಲ. ಅಜ್ಜಿ ಮೆಲ್ಲಗೆ, "ಯಜಮಾನ್ರೇ, ಉಪ್ಪು..." ಅಂದಳು. "ವಯಸ್ಸಾದೋರಿಗೆ ಉಪ್ಪು ಒಳ್ಳೇದಲ್ಲ, ಉಣ್ಣಮ್ಮ" ಅಂದರು ದೊಡ್ಡಪ್ಪ. ದೊಡ್ಡಮ್ಮ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ನಾನು ನೋಡಿದ್ದು ಕಂಡು, "ಹೊಗೆ ಕಣೇ" ಅಂದಳು.

ಸಂಜೆ ಅವರ ಮನೆಯಲ್ಲಿ ದೊಡ್ಡಮ್ಮ ಕಾಫಿ ಕೊಡುತ್ತಾ, "ಅಂತೂ ನನ್ ಅಡುಗೆ ಚೆನ್ನಾಗಿದೆ ಅಂದ್ರಿ" ಅಂದಳು. ಹುಡುಗಿಯ ಹಾಗೆ ನಾಚಿದ್ದಳು.

"ಸರ್ಕಾರದ ಅಕ್ಕಿಗಂದೆ. ಉಪ್ಪಿಲ್ದಿದ್ ಸಾರೂ ಒಂದು ಸಾರಾ?" ಅಂದರು ದೊಡ್ಡಪ್ಪ.

"ಹೌದು ಬುಡಿ" ಅಂತ ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು. ನನಗೆ ದೊಡ್ಡಪ್ಪನ ಮೇಲೆ ಎಷ್ಟು ಸಿಟ್ಟು ಬಂತು ಅಂದರೆ, ಕಾಫಿ ಕುಡಿಯದೆ ಎದ್ದು ಬಂದೆ.

ಮುಂದಿನ ಯುಗಾದಿಗೆ ದೊಡ್ಡಮ್ಮ ಇರಲಿಲ್ಲ. ಎದೆನೋವು ಅಂದವಳು ಆಸ್ಪತ್ರೆಯಿಂದ ವಾಪಸು ಬರಲಿಲ್ಲ.

ಈಗ ದೊಡ್ಡಪ್ಪ ರಾಮಕೃಷ್ಣನಗರದ ನಮ್ಮ ಮನೆಯಲ್ಲೇ ಇದ್ದಾರೆ. ಏನು ಬಡಿಸಿದರೂ 'ಚೆನ್ನಾಗಿದೆ'. ಸಾಸಿವೆ ಸೀದರೂ ಚೆನ್ನಾಗಿದೆ, ಅನ್ನ ಬೇಯದಿದ್ದರೂ ಚೆನ್ನಾಗಿದೆ. "ದೊಡ್ಡಪ್ಪ ಎಷ್ಟು ಸುಧಾರಿಸಿದ್ದಾರೆ!" ಅನ್ನುತ್ತಾರೆ ನನ್ನ ಯಜಮಾನರು. ನನಗೆ ಸಂಕಟವಾಗುತ್ತದೆ. ಒಂದು ದಿನ ಬೈಸಿಕೊಳ್ಳುವ ಆಸೆಗೇ ಬೇಕೆಂದು ಸಾರಿಗೆ ಉಪ್ಪು ಹಾಕದೆ ಬಡಿಸಿದೆ. ತಿಂದರು. "ಚೆನ್ನಾಗಿದೆ" ಅಂದರು.

"ಉಪ್ಪೇ ಹಾಕಿಲ್ಲ ದೊಡ್ಡಪ್ಪ!"

"ಗೊತ್ತು ಕಣಮ್ಮ."

"ಮತ್ತೆ ಬಯ್ಯಬಾರ್ದಾ?"

ಅವರು ಅನ್ನಕ್ಕೆ ಆ ಸಾರನ್ನೇ ಕಲಸಿಕೊಂಡರು. "ಅವತ್ತು ಸ್ಕೂಲಲ್ಲಿ ಅಂದಿದ್ದು ಅವಳಿಗೇ ಕಣಮ್ಮ. ಅಷ್ಟು ಜನಕ್ಕೆ ಹೊಗೆ ಕುಡ್ಕೊಂಡು ಬೇಯ್ಸಿದ್ಲು. ಮನೇಗ್ ಬಂದು ಬಾಯ್ಬುಟ್ಟು ಕೇಳುದ್ಲು. ಹೂಂ ಅಂದಿದ್ರೆ ಯಾವ ರೇಟು ಏರ್ತಿತ್ತು ಹೇಳು?"

ನಾನು ಉಪ್ಪಿನ ಡಬ್ಬಿ ತಂದು ಮುಂದಿಟ್ಟೆ. ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಇನ್ನೊಂದು ಸೌಟು ಸಾರು ಹಾಕು ಅಂದರು.