ಏಳನೇ ಲೇತಿನ ಗುರುತು

ನಮ್ಮ ಕಾರ್ಯಾಗಾರದ ಅತಿ ಹಳೆಯ ಯಂತ್ರವಾದ ಕಬ್ಬಿಣ ಕಡೆಯುವ ಏಳನೇ ನಂಬರಿನ ಲೇತಿಗೆ ಅದರ ಮೂಲ ಗುರುತನ್ನು ನಿಯಮಾನುಸಾರ ಮರಳಿ ಕೊಡಲಾಗಿದೆ. ಇದಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ಇದರಲ್ಲಿ ಯಾರ ತಪ್ಪೂ ಇಲ್ಲವೆಂದು ಕಡತದ ಮೊದಲ ಪುಟದಲ್ಲೇ ಬರೆದಿದೆ. ಕಡತ ಬರೆಯುವವನು ನಾನೇ.

ಆ ಲೇತಿನ ಮೇಲೆ ಮೂವತ್ತೊಂದು ವರ್ಷ ದುಡಿದ ಟರ್ನರ್ ಅವರದು ಒಂದು ಸಣ್ಣ ಅರ್ಜಿ. ಉಳಿಯನ್ನು ಕಬ್ಬಿಣದೊಳಕ್ಕೆ ಎಷ್ಟು ನೂಕಬೇಕೆಂದು ತೋರಿಸುವ ಡಯಲಿನ ಗೆರೆಗಳು ಸವೆದು ನುಣ್ಣಗಾಗಿದ್ದವು. ಒಂದು ಗೆರೆ ತಪ್ಪಿದರೂ ಕಡೆಯುತ್ತಿರುವ ಕಬ್ಬಿಣದ ದಂಡ, ಅಂದರೆ ಶಾಫ್ಟ್, ಗುಜರಿಗೆ. ಆಗಲೇ ಎರಡು ಹೋಗಿದ್ದವು. ಮೂರನೆಯದೂ ಹೋದರೆ ಕೆಲಸಗಾರನನ್ನು ಲೇತಿನಿಂದ ಬಿಡಿಸಿ ಗೇಟು ಕಾಯಲು ಕೂರಿಸುವುದು ನಿಯಮ. ಅವರು ಬರೆದದ್ದಿಷ್ಟು: "ನನ್ನ ಲೇತಿನ ಗುರುತು ಅಳಿಸಿಹೋಗಿದೆ. ಮೊದಲಿದ್ದ ಹಾಗೆ ಮಾಡಿಕೊಡಬೇಕು."

ಗುರುತು ಎಂಬ ಪದ ಕಂಡೊಡನೆ ಅರ್ಜಿಯನ್ನು ಗುರುತು ಚೀಟಿ ವಿಭಾಗಕ್ಕೆ ಕಳಿಸಿದೆ. ಗೆರೆ ಎಂದು ಬರೆದಿದ್ದರೆ ಗೆರೆ ಎಂದೇ ಓದುತ್ತಿದ್ದೆ.

ಆ ವಿಭಾಗದ ಮೇಡಂ ಬಲು ಶಿಸ್ತು. ನಮೂನೆ ತೆಗೆದು ಟರ್ನರ್ ಅವರನ್ನು ಕರೆಸಿದರು.

"ತಂದೆ ಹೆಸರು?"

"ಲೇತಿಗೆ ತಂದೆ ಎಲ್ಲಿರ್ತಾರೆ ಮೇಡಂ?"

"ತಲೆಮರೆಸಿಕೊಂಡಿದ್ದಾರೆ ಅಂತ ಬರ್ಕೊಳ್ತೀನಿ. ಹುಟ್ಟಿದ ವರ್ಷ?"

"ಹಿತ್ತಾಳೆ ಫಲಕದ ಮೇಲಿತ್ತು. ಅದೂ ಅಳಿಸಿದೆ."

"ಮೈಮೇಲೆ ಮಚ್ಚೆ, ಗಾಯ?"

"ಮುಂದ್ಗಡೆ ಒಂದು ಗುಳಿ. ಸುತ್ತಿಗೆ ಬಿದ್ದಿತ್ತು, ನನ್ನ ಕೈಯಿಂದಲೇ."

"ಹಾಗಾದ್ರೆ ಹಳೇ ಪರಿಚಯ," ಎಂದು ಮೇಡಂ ಟಿಕ್ ಹಾಕಿದರು.

ಫೋಟೋದಲ್ಲಿ ಎರಡೂ ಕಿವಿ ಕಾಣಬೇಕು. ಛಾಯಾಗ್ರಾಹಕ ಲೇತಿಗೆ ನಾಲ್ಕು ಸುತ್ತು ಹಾಕಿ, ಕೊನೆಗೆ ಎರಡು ಹಿಡಿಗಳನ್ನು ಕಿವಿಗಳೆಂದು ಒಪ್ಪಿಸಿದ. ಉಳಿದದ್ದು ಸಾಕ್ಷಿ. ಅರ್ಜಿದಾರ ಯಂತ್ರವನ್ನು ಐದು ವರ್ಷದಿಂದ ಬಲ್ಲವರು ಹೆಬ್ಬೆಟ್ಟು ಒತ್ತಬೇಕು. ಟರ್ನರ್ ಬೆರಳಚ್ಚು ಯಂತ್ರದ ಗಾಜಿನ ಮೇಲೆ ಹೆಬ್ಬೆಟ್ಟು ಇಟ್ಟರು. ಮೂಡಲಿಲ್ಲ. ಹತ್ತೂ ಬೆರಳು ಒತ್ತಿದರು. ಕಬ್ಬಿಣದ ಚೂರು, ಎಣ್ಣೆ, ಮೂವತ್ತೊಂದು ವರ್ಷ ಸೇರಿ ಬೆರಳನ್ನೂ ಡಯಲಿನಂತೆ ನುಣ್ಣಗೆ ಮಾಡಿದ್ದವು.

"ನಿಮ್ಮ ಗುರುತೇ ಅಳಿಸಿಹೋಗಿದೆಯಲ್ರೀ."

"ನಾನು ಇಲ್ಲೇ ನಿಂತಿದ್ದೀನಲ್ಲ ಮೇಡಂ."

"ನಿಂತಿರೋದು ಕಾಣ್ತಿದೆ. ಯಾರು ಅಂತ ಗೊತ್ತಾಗ್ಬೇಕಲ್ಲ."

ನನ್ನ ಕರುಳು ಚುರ್ ಎಂದಿತು. ನಮೂನೆಯಲ್ಲಿ ಕರುಳಿಗೆ ಕಾಲಂ ಇಲ್ಲ. ಉಗ್ರಾಣದವನಿಂದ ಹೆಬ್ಬೆಟ್ಟು ಒತ್ತಿಸಿ ಲೇತಿಗೆ ಚೀಟಿ ಕೊಟ್ಟೆವು. ಅಂದಿನಿಂದ ಅದನ್ನು ಎಲ್ಲ ಪತ್ರಗಳಲ್ಲೂ ಶ್ರೀಯುತ ಲೇತ್ ಅವರು ಎಂದೇ ಬರೆಯುತ್ತೇವೆ.

ಗುರುತಿಲ್ಲದ ಟರ್ನರ್ ಅವರನ್ನು ಮಾತ್ರ ಗೇಟಿನವನು ಒಳಗೆ ಬಿಡಲಿಲ್ಲ. ನಾನೇ ತಲೆ ಓಡಿಸಿ ಸುತ್ತೋಲೆ ಹೊರಡಿಸಿದೆ:

"ಗುರುತು ಅಳಿಸಿರುವ ಕೆಲಸಗಾರನನ್ನು ಗುರುತುಳ್ಳ ಯಂತ್ರದ ಬಿಡಿಭಾಗವೆಂದು ಪರಿಗಣಿಸತಕ್ಕದ್ದು. ಸದರಿ ಯಂತ್ರವು ಏಳು ದಿನದೊಳಗೆ ಆಕ್ಷೇಪಣೆ ಸಲ್ಲಿಸದಿದ್ದಲ್ಲಿ ಒಪ್ಪಿಗೆಯೆಂದು ಭಾವಿಸತಕ್ಕದ್ದು."

ಶ್ರೀಯುತ ಲೇತ್ ಅವರು ಆಕ್ಷೇಪಿಸಲಿಲ್ಲ. ದೊಡ್ಡ ಮನಸ್ಸು. ಟರ್ನರ್ ಒಳಗೆ ಬಂದಿತು.

ಕಳೆದ ತಿಂಗಳು ಮೂರನೇ ಶಾಫ್ಟೂ ಗುಜರಿಗೆ ಹೋಯಿತು. ಬಿಡಿಭಾಗವನ್ನು ಗೇಟು ಕಾಯಲು ಕಳಿಸುವಂತಿಲ್ಲವಾದ್ದರಿಂದ ಟರ್ನರ್ ಲೇತಿನಲ್ಲೇ ಉಳಿಯಿತು. ಉಳಿಯಬೇಕೆಂಬುದೇ ಅದರ ಆಸೆಯೂ ಆಗಿತ್ತು. ಆದರೂ ಅದು ನನ್ನ ಮೇಜಿನ ಬಳಿ ಬಂದು ನಿಂತಿತು.

"ಸಾರ್, ಡಯಲಿನ ಗೆರೆ?"

"ಅದಕ್ಕೆ ಬೇರೆ ಅರ್ಜಿ ಬೇಕು."

"ಈಗಲೇ ಬರೆದುಕೊಡ್ತೀನಿ."

"ಬಿಡಿಭಾಗ ಅರ್ಜಿ ಕೊಡೋ ಹಾಗಿಲ್ಲಪ್ಪ."

ಆ ತಿಂಗಳ ಕೊನೆಗೆ ಅದರ ಹೆಂಡತಿ ಕಿಟಕಿಯ ಮುಂದೆ ಬಂದರು.

"ಇವರ ಸಂಬಳ ಎಲ್ಲಿ ಸ್ವಾಮಿ?"

"ಬಿಡಿಭಾಗಕ್ಕೆ ಸಂಬಳ ಇಲ್ಲಮ್ಮ. ಎಣ್ಣೆ ಮಂಜೂರಾಗಿದೆ."

"ಅಡುಗೆಗೆ ಆಗುತ್ತಾ?"

"ಯಂತ್ರಕ್ಕೆ ಹಾಕೋದು."

ಆಕೆ ಗಂಡನತ್ತ ನೋಡಿದರು. ಅದು ನೆಲ ನೋಡುತ್ತಿತ್ತು. ಆಕೆ ಸೆರಗಿನಿಂದ ಅದರ ಕೈಗೆ ಮೆತ್ತಿದ್ದ ಮಸಿ ಒರೆಸಿದರು. ಆಮೇಲೆ ಎಣ್ಣೆ ಹಾಕಿಸಿಕೊಳ್ಳಲು ಖಾಲಿ ಡಬ್ಬಿ ತಂದು ಕಿಟಕಿಯೊಳಗೆ ಇಟ್ಟರು.

"ಹೆಬ್ಬೆಟ್ಟು ಒತ್ತಿ. ಲೇತ್ ಅವರಿಗೆ ನೀವೇನಾಗ್ಬೇಕು?" ಎಂದು ಕೇಳಿದೆ. ಕಾಲಂ ಖಾಲಿ ಬಿಡುವಂತಿರಲಿಲ್ಲ.

"ಸೊಸೆ ಅಂತ ಬರ್ಕೊಳ್ಳಿ," ಎಂದರು.

ಬರೆದುಕೊಂಡೆ. ಹೆಬ್ಬೆಟ್ಟು ಸ್ಪಷ್ಟವಾಗಿ ಮೂಡಿತು.