ಎಡಕ್ಕೆ ಎಳೆಯುವ ಬ್ರೇಕು

ನನ್ನಂಥವನ ಕೈಗೆ ಇಂಗ್ಲಿಷ್ ಪುಸ್ತಕ ಸಿಗಬಾರದು. ಓದಿ ಸುಮ್ಮನಿರುವ ಬುದ್ಧಿಯನ್ನು ದೇವರು ನನಗೆ ಕೊಟ್ಟಿಲ್ಲ. ಕೊಡಗು ಮೈಸೂರಿಗೆ ಸೇರಿದ ಹೊಸತರಲ್ಲಿ ನಾನು ಬಾಳೆಲೆಯ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದೆ. ಎಲ್ಲದಕ್ಕೂ ಹೊಸ ಹೊಸ ಫಾರಂ ತುಂಬಿಸಿಕೊಡಬೇಕಾಗಿದ್ದ ಕಾಲ. ಹಾಗಾಗಿ ಬರೆಯಲು ಬರುವವನಿಗೆ ಎಲ್ಲವೂ ಬರುತ್ತದೆಂದು ಜನ ನಂಬಿದ್ದರು. ಅವರು ನಂಬಿದರಲ್ಲ ಎಂದು ನಾನೂ ನಂಬಿಬಿಟ್ಟೆ.

ನಮ್ಮ ಯಜಮಾನರು ಮಿಲಿಟರಿ ಹರಾಜಿನಲ್ಲಿ ಒಂದು ಜೀಪು ತಂದಿದ್ದರು. ಅದರ ಸ್ಟೇರಿಂಗ್ ಎಡಗಡೆಗಿತ್ತು. ಓಡಿಸುತ್ತಿದ್ದವನು ಉಸ್ಮಾನ್ ಕಾಕ, ಎಸ್ಟೇಟಿಗೆ ನನಗಿಂತ ಹಳಬ. ನಮ್ಮ ಇಳಿಜಾರು ದಾರಿಗೆ ಎಡಕ್ಕೆ ಗೋಡೆಯಂತೆ ಎದ್ದ ಮಣ್ಣಿನ ಬರೆ, ಬಲಕ್ಕೆ ಆಳವಾದ ಕೊಲ್ಲಿ. ಕಾಕ ಬ್ರೇಕು ತುಳಿದಾಗಲೆಲ್ಲ ಜೀಪು ಎಡಕ್ಕೆ ಎಳೆಯುತ್ತಿತ್ತು, ಬಲಗಡೆ ಕೂತ ನಾನು ಕೊಲ್ಲಿಯ ಕಡೆ ವಾಲುತ್ತಿದ್ದೆ. ಹಾಗೆ ವಾಲಿದಾಗ ನೆನಪಾಗುವ ದೇವರುಗಳು ಬಹಳ. ಒಂದು ದಿನ ಸೀಟಿನ ಅಡಿಯಲ್ಲಿ ಜೀಪಿನ ಪುಸ್ತಕ ಸಿಕ್ಕಿತು. ನಾಲ್ಕು ಚಕ್ರಗಳ ಬ್ರೇಕೂ ಸಮನಾಗಿ ಹಿಡಿಯಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ನೇರ ಯಜಮಾನರ ಬಳಿ ಹೋಗಿ ಓದಿ ಹೇಳಿದೆ.

ಯಜಮಾನರು ಕಾಕನನ್ನು ಕರೆಸಿದರು.

"ಅದು ಕೆಟ್ಟದ್ದಲ್ಲ ಯಜಮಾನರೇ, ನಾನೇ ಹಾಗೆ ಇಟ್ಟದ್ದು" ಎಂದ ಕಾಕ.

"ಪುಸ್ತಕದಲ್ಲಿ ಇರೋ ಹಾಗೆ ಮಾಡು."

"ಹಾಗೆ ಮಾಡಿ ನಾನು ಈ ಇಳಿಜಾರು ಇಳಿಸೋದಿಲ್ಲ. ಬೇರೆ ಡ್ರೈವರ್ ನೋಡಿ."

ಯಜಮಾನರಿಗೆ ಸಿಟ್ಟು ನೆತ್ತಿಗೇರಿತು. "ಹಾಗಾದ್ರೆ ಹೊರಡು" ಎಂದುಬಿಟ್ಟರು. ಕೆಲಸ ಹೋದರೆ ಎಸ್ಟೇಟು ಕೊಟ್ಟ ಲೈನಿನ ಮನೆಯೂ ಹೋದಂತೆ. ಮೂರನೇ ದಿನ ಕಾಕನೂ ಅವನ ಹೆಂಡತಿ ಪಾತುಮ್ಮನೂ ಕೋಳಿಗಳನ್ನು ಬುಟ್ಟಿಗೆ ತುಂಬಿಕೊಂಡು ಬಾಳೆಲೆಯವರೆಗೆ ನಡೆದೇ ಹೋದರು. ಜೀಪು ಶೆಡ್ಡಿನಲ್ಲೇ ಇತ್ತು, ಓಡಿಸುವವನೇ ನಡೆದು ಹೋಗುತ್ತಿದ್ದ. ನಾನು ಆಫೀಸಿನ ಕಿಟಕಿಯಿಂದ ನೋಡಿ, ಏನೋ ಬರೆಯುವವನಂತೆ ತಲೆ ಬಗ್ಗಿಸಿದೆ.

ಆಮೇಲೆ ನಾನೇ ಸ್ಪ್ಯಾನರ್ ಹಿಡಿದೆ. ಒಂದೊಂದೇ ಚಕ್ರವನ್ನು ಜಾಕಿಯಲ್ಲಿ ಎತ್ತುವುದು, ಬ್ರೇಕು ಬಿಗಿ ಮಾಡುವುದು, ಚಕ್ರ ತಿರುಗಿಸಿ ಉಜ್ಜುವ ಸದ್ದು ಬಂದ ಕೂಡಲೇ ಚೂರು ಸಡಿಲಿಸುವುದು. ಎರಡು ದಿನ ಅದೇ ಕೆಲಸ, ಮೈಯೆಲ್ಲ ಗ್ರೀಸು. ಪರೀಕ್ಷೆ ಮಾಡಲು ಸಮತಟ್ಟಾದ ಜಾಗ ಬೇಕೆಂದು ಪುಸ್ತಕ ಹೇಳಿತ್ತು. ಇಡೀ ಎಸ್ಟೇಟಿನಲ್ಲಿ ಅಂಥ ಜಾಗ ಒಂದೇ, ಕಾಫಿ ಒಣಗಿಸುವ ಕಣ. ಕಾಕನ ಪಕ್ಕ ಕೂತು ಕಲಿತಿದ್ದಷ್ಟರಲ್ಲೇ ಅಲ್ಲಿ ಜೀಪು ಓಡಿಸಿ ಬ್ರೇಕು ತುಳಿದೆ. ಆಹಾ, ಗೆರೆ ಎಳೆದ ಹಾಗೆ ನೆಟ್ಟಗೆ ನಿಂತಿತು! ಕಾಫಿ ಹರಡುತ್ತಿದ್ದ ಹೆಂಗಸರು ನಕ್ಕರು. ಮೆಚ್ಚುಗೆಯೆಂದುಕೊಂಡೆ.

ಮಾರನೆಯ ದಿನ ಜಿನುಗು ಮಳೆ. ಬಲಗಡೆ ಯಜಮಾನರು, ಸ್ಟೇರಿಂಗಿನಲ್ಲಿ ನಾನು. ಇಳಿಜಾರಿನ ಮೊದಲ ತಿರುವಿನಲ್ಲಿ ಬ್ರೇಕು ತುಳಿದೆ. ನಾಲ್ಕು ಚಕ್ರಗಳೂ ಪುಸ್ತಕದಲ್ಲಿ ಹೇಳಿದಂತೆ ಒಟ್ಟಿಗೇ ಹಿಡಿದವು, ಒಟ್ಟಿಗೇ ಕೊಲ್ಲಿಯ ಕಡೆ ಜಾರಿದವು. ಅಂಚಿನಲ್ಲೊಂದು ಸಿಲ್ವರ್ ಓಕ್ ಮರ ಇಲ್ಲದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಯಜಮಾನರ ಟೋಪಿ ಮಾತ್ರ ಕೊಲ್ಲಿಗೆ ಹೋಯಿತು. ಅವರು ಇಳಿದು, "ಭಾನುವಾರದೊಳಗೆ ಸರಿ ಮಾಡಿ. ಇಲ್ಲಾಂದ್ರೆ ನೀವೂ ಗಂಟು ಕಟ್ಟಿ" ಎಂದು ಹೇಳಿ ನಡೆದು ಹೋದರು.

ಕಾಕ ಗೋಣಿಕೊಪ್ಪಲಿನಲ್ಲಿದ್ದಾನೆಂದು ಕೇಳಿದ್ದೆ. ಮೊದಲ ಗೇರಿನಲ್ಲಿ, ಉಸಿರು ಬಿಗಿಹಿಡಿದು, ಯಾರಿಗೂ ಹೇಳದೆ ಜೀಪನ್ನು ಅಲ್ಲಿಗೆ ತಂದೆ. ಅವನು ಒಂದು ವರ್ಕ್‌ಶಾಪಿನಲ್ಲಿ ಯಾರದೋ ಲಾರಿ ತೊಳೆಯುತ್ತಿದ್ದ. ನನ್ನನ್ನು ನೋಡಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಜೀಪಿನಡಿಗೆ ನುಗ್ಗಿ ಅರ್ಧ ಗಂಟೆಯಲ್ಲಿ ಎಡಗಡೆಯ ಬ್ರೇಕು ಬಿಗಿ ಮಾಡಿದ.

"ರೈಟರೇ, ನಮ್ಮ ದಾರಿಯೇ ಕೊಲ್ಲಿಯ ಕಡೆ ವಾಲಿದೆಯಲ್ಲ, ನೀವು ನೋಡ್ಲಿಲ್ವಾ? ದಾರಿ ಬಲಕ್ಕೆ ಎಳೀತದೆ. ಅದಕ್ಕೇ ಬ್ರೇಕು ಎಡಕ್ಕೆ ಎಳೀಬೇಕು" ಎಂದ. ಕೈ ಒರೆಸಿಕೊಳ್ಳುತ್ತ, ದನಿ ತಗ್ಗಿಸಿ, "ಇಲ್ಲಿ ಬಾಡಿಗೆಗೆ ಒಂದೇ ಕೋಣೆ ಸಿಕ್ಕಿದ್ದು. ಪಾತುಮ್ಮ ಕೋಳಿಗಳನ್ನೆಲ್ಲ ಮಾರಿ ಅಳ್ತಾ ಕೂತಿದ್ದಾಳೆ. ಯಜಮಾನರಿಗೆ ಒಂದು ಮಾತು ಹೇಳಿ. ನನಗೆ ಕೋಪ ಇಲ್ಲ, ಬರ್ತೇನೆ" ಎಂದ.

"ಖಂಡಿತ ಹೇಳ್ತೇನೆ ಕಾಕ" ಎಂದೆ. ಹೇಳುವಾಗ ನನ್ನ ಕಣ್ಣಿನಲ್ಲಿ ನೀರೇ ಬಂದಿತ್ತು.

ಭಾನುವಾರ ಯಜಮಾನರೂ ಅವರ ಹೆಂಡತಿಯೂ ಜೀಪು ಹತ್ತಿದರು. ಅದೇ ತಿರುವು, ಅದೇ ಕೆಸರು. ಬ್ರೇಕು ತುಳಿದೆ. ಒಂದಿಷ್ಟೂ ಜಾರದೆ ನಿಂತಿತು.

"ಭೇಷ್ ರೈಟರೇ!" ಯಜಮಾನರು ನನ್ನ ಬೆನ್ನು ತಟ್ಟಿದರು. "ಓದಿದವರ ಕೈಯೇ ಬೇರೆ. ಇನ್ನು ಡ್ರೈವರ್ ಯಾಕೆ? ನೀವೇ ಸಾಕು."

ಇದು ಕಾಕ ಮಾಡಿದ್ದು ಎನ್ನಬೇಕಿತ್ತು. ಮೂರೇ ಮಾತು. ನಾಲಗೆಯ ತುದಿಯವರೆಗೆ ಬಂದೂ ಇತ್ತು. ನಾನು ತಲೆ ತಗ್ಗಿಸಿ ಕೂತೆ.

"ಎಂಥ ವಿನಯ ನೋಡು ಇವರದ್ದು" ಎಂದು ಯಜಮಾನರು ಹಿಂದೆ ತಿರುಗಿ ಹೆಂಡತಿಗೆ ಹೇಳಿದರು.