ಅತ್ತೆಯ ಕೋಣೆಗೆ ಟೀವಿ

ಮದುವೆಯಾದ ಗಂಡಸಿನ ಕೈಕೆಲಸವನ್ನು ಬಾಯಿತುಂಬ ಹೊಗಳುವ ಜಾಗ ಈ ಲೋಕದಲ್ಲಿ ಒಂದೇ, ಅದು ಅತ್ತೆಯ ಮನೆ. ಸ್ವಂತ ಮನೆಯಲ್ಲಿ ಅವನು ಗೋಡೆಗೊಂದು ಮೊಳೆ ಹೊಡೆದರೆ ಹೆಂಡತಿ ಮೊದಲು ನೋಡುವುದು ಉದುರಿದ ಗಾರೆಯನ್ನು. ಅದೇ ಮೊಳೆಯನ್ನು ಅತ್ತೆಯ ಮನೆಯಲ್ಲಿ ಸೊಟ್ಟಗೆ ಹೊಡೆದರೂ ಪಕ್ಕದ ಮನೆಯವರನ್ನು ಕರೆದು ತೋರಿಸುತ್ತಾರೆ. ನನ್ನ ಅತ್ತೆಯ ಊರು ಮೊಳಕಾಲ್ಮೂರು. ಅಲ್ಲಿಗೆ ಹೋದಾಗಲೆಲ್ಲ ನಾನು ಒಂದು ಬಲ್ಬು ಬದಲಿಸಿಯೋ, ಸೋರುವ ನಲ್ಲಿಗೆ ವಾಷರ್ ಹಾಕಿಯೋ ಬರುತ್ತಿದ್ದೆ. ಆಂಧ್ರದ ಗಡಿ ಹತ್ತಿರವಾದ್ದರಿಂದ ಆ ಊರಿನವರ ಬಾಯಲ್ಲಿ ಕನ್ನಡ ತೆಲುಗು ಎರಡೂ ಒಂದೇ ತಟ್ಟೆಗೆ ಬಡಿಸಿದಂತೆ ಬರುತ್ತವೆ. ನಾನು ಸ್ಕ್ರೂಡ್ರೈವರ್ ಕೆಳಗಿಡುವ ಹೊತ್ತಿಗೆ ಬಾಗಿಲ ಮರೆಯಿಂದ ಅತ್ತೆಯ ದನಿ ಕೇಳಿಸುತ್ತಿತ್ತು: "ಬಾಗುಂದಿ." ಅಂದರೆ ಚೆನ್ನಾಗಿದೆ ಅಂತ. ಆ ಒಂದು ಮಾತಿಗಾಗಿ ನಾನು ಚಳ್ಳಕೆರೆಯಿಂದ ಪ್ರೈವೇಟ್ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಹೋಗುವುದಕ್ಕೂ ತಯಾರಿದ್ದೆ.

ಬಾಗಿಲ ಮರೆಯಿಂದ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅತ್ತೆ ಹಳೆಯ ಕಾಲದವರು. ಅಳಿಯನ ಎದುರು ಕೂರಬಾರದು, ಮುಖ ಕೊಟ್ಟು ಮಾತಾಡಬಾರದು ಎಂಬುದು ಅವರು ಹುಟ್ಟುವಾಗಲೇ ಕಲಿತು ಬಂದ ಪಾಠ. ನನಗೆ ಹೇಳಬೇಕಾದ್ದನ್ನು ಅವರು ಮಗಳಿಗೆ ಹೇಳುತ್ತಾರೆ, ಮಗಳು ನನಗೆ ಹೇಳುತ್ತಾಳೆ. ನಾನು ಮಾರು ದೂರದಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದರೂ, ನನ್ನ ಹೆಂಡತಿ ಭಾಗ್ಯ ಮತ್ತೊಮ್ಮೆ ಹೇಳುವ ತನಕ ಕಿವುಡನಂತೆ ಇರಬೇಕು. ನಮ್ಮ ಮದುವೆಯಾಗಿ ಎಷ್ಟೋ ವರ್ಷವಾದರೂ ಅತ್ತೆ ನನ್ನೊಂದಿಗೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಅತ್ತೆ ಅಳಿಯ ಜಗಳವಾಡದೆ ಬಾಳುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೊಂದಿಲ್ಲ ಎಂದು ನಾನು ತಿಳಿದಿದ್ದೆ.

ಹೀಗಿರುವಾಗ ಅತ್ತೆಗೆ ದಾವಣಗೆರೆಯಲ್ಲಿ ಮೊಣಕಾಲಿನ ಆಪರೇಷನ್ ಆಯಿತು. ವಾಸಿಯಾಗುವ ತನಕ ನಮ್ಮ ಮನೆಯಲ್ಲೇ ಇರಲಿ ಎಂದು ಭಾಗ್ಯ ಚಳ್ಳಕೆರೆಗೆ ಕರೆತಂದಳು. ಡಾಕ್ಟರು ಹೇಳಿದ್ದು ಒಂದೇ ಮಾತು, ಹೆಚ್ಚು ಹೊತ್ತು ನಿಲ್ಲಬಾರದು. ಆದರೆ ಸಂಜೆ ಏಳೂವರೆಗೆ ಅತ್ತೆಯ ತೆಲುಗು ಧಾರಾವಾಹಿ ಬರುತ್ತಿತ್ತು. ಟೀವಿ ಇದ್ದದ್ದು ನಡುಮನೆಯಲ್ಲಿ, ನಡುಮನೆಯಲ್ಲಿ ಇದ್ದದ್ದು ನಾನು. ಹಾಗಾಗಿ ಅವರು ಅಡಿಗೆಮನೆಯ ಪರದೆಯನ್ನು ನಾಲ್ಕು ಬೆರಳು ಸರಿಸಿ, ಆ ಸಂದಿಯಲ್ಲಿ ಒಂದು ಕಣ್ಣಿಟ್ಟು, ಆಪರೇಷನ್ ಆದ ಕಾಲಿನ ಮೇಲೆ ಅರ್ಧ ಗಂಟೆ ನಿಂತೇ ಇರುತ್ತಿದ್ದರು. ನಾನು ಎದ್ದು ಹೊರಗೆ ಹೋದರೆ, ಅಳಿಯಂದಿರು ನನ್ನಿಂದ ಬೀದಿಪಾಲಾದರು ಎಂದು ಟೀವಿಯನ್ನೇ ಆರಿಸಿಬಿಡುತ್ತಿದ್ದರು.

"ಧಾರಾವಾಹಿ ಬಿಡು ಅಂದ್ರೆ ಊರಿಗೇ ಹೋಗ್ತೀನಿ ಅಂತಾಳೆ," ಎಂದಳು ಭಾಗ್ಯ. "ಅವಳು ಕತೆ ನೋಡಲ್ಲ ಕಣ್ರೀ, ಸೀರೆ ನೋಡ್ತಾಳೆ." ಅದು ನಿಜ. ಮೊಳಕಾಲ್ಮೂರಿನ ರೇಷ್ಮೆ ಮಗ್ಗದ ಮನೆಯಲ್ಲಿ ಹುಟ್ಟಿ, ಮಗ್ಗದ ಮನೆಗೇ ಸೊಸೆಯಾಗಿ ಬಂದ ಹೆಂಗಸು. ಧಾರಾವಾಹಿಯಲ್ಲಿ ಯಾರು ಯಾರಿಗೆ ವಿಷ ಹಾಕಿದರೂ ಅವರಿಗೆ ಚಿಂತೆಯಿಲ್ಲ, ವಿಷ ಹಾಕುವವಳ ಸೆರಗು ಹೇಗಿದೆ ಎಂಬುದು ಮುಖ್ಯ. ಮುಂದಿನ ವಾರ ಆ ಕತೆಯಲ್ಲಿ ಮದುವೆ ಬೇರೆ ಬರುವುದಿತ್ತು. ಮದುವೆ ಎಂದರೆ ಸೀರೆಗಳ ಸಂತೆ. ಅದನ್ನು ಅತ್ತೆ ಕೂತು ನೋಡುವಂತೆ ಮಾಡುವುದು ನನ್ನ ಜವಾಬ್ದಾರಿ ಎಂದು ನಾನೇ ತಲೆಯ ಮೇಲೆ ಹಾಕಿಕೊಂಡೆ.

ತಾರಸಿಗಳ ಮೇಲೆಲ್ಲ ಡಿಶ್ ಬುಟ್ಟಿಗಳು ಏಳುತ್ತಿದ್ದ ಕಾಲ ಅದು. ನಮ್ಮ ಮನೆಯಲ್ಲೂ ಒಂದು ಬಾಕ್ಸ್ ಇತ್ತು. ಅದರ ಹಿಂದೆ ಇನ್ನೊಂದು ತೂತು ಇರುವುದನ್ನು ನಾನು ಕಂಡುಹಿಡಿದೆ. ಅಲ್ಲಿಂದ ಕೇಬಲ್ ವೈರು ಎಳೆದು, ಅಟ್ಟದ ಮೇಲೆ ಮಲಗಿದ್ದ ನಮ್ಮ ಮದುವೆ ಕಾಲದ ಹಳೆಯ ಟೀವಿಗೆ ಸಿಕ್ಕಿಸಿದರೆ ನಡುಮನೆಯಲ್ಲಿ ಬಂದದ್ದೇ ಒಳಕೋಣೆಯಲ್ಲೂ ಬರುತ್ತದೆ. ಅತ್ತೆ ಮಂಚದ ಮೇಲೆ ಕಾಲು ಚಾಚಿ ಕೂತು ನೋಡಬಹುದು. ಒಂದು ಭಾನುವಾರ, ಅವರನ್ನು ಹಿತ್ತಲಲ್ಲಿ ಬಿಸಿಲಿಗೆ ಕೂರಿಸಿ, ವೈರನ್ನು ನೆಲದ ಮೇಲೆ ಹಾಸಿ ನೋಡಿದೆ. ಯಾವುದೋ ಕೃಷಿ ಕಾರ್ಯಕ್ರಮದ ಹಸಿರು ಗದ್ದೆಯ ಚಿತ್ರ ಬಂತು. ಅಷ್ಟಕ್ಕೆ ಬಿಟ್ಟಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಅತ್ತೆಯ ಕಾಲಿಗೆ ವೈರು ತೊಡರಿ ಬಿದ್ದಾರು ಎಂಬ ಚಿಂತೆ ಹುಟ್ಟಿತು. ಒಳ್ಳೆಯ ಚಿಂತೆಗಳೇ ಮನುಷ್ಯನನ್ನು ಹಾಳು ಮಾಡುವುದು. ವೈರನ್ನು ಎತ್ತಿ, ಬಾಗಿಲ ಮೇಲಿನಿಂದ ಹಾಯಿಸಿ, ಸಾಲದೆ ಬಂದ ಕಡೆ ಇನ್ನೊಂದು ತುಂಡನ್ನು ತಿರುಚಿ ಕಟ್ಟಿ ಟೇಪು ಸುತ್ತಿ, ಕರೆಂಟಿನ ವೈರಿನ ಪಕ್ಕದಲ್ಲೇ ಅಚ್ಚುಕಟ್ಟಾಗಿ ಮೊಳೆ ಹೊಡೆದೆ. ಅಷ್ಟರಲ್ಲಿ ಅತ್ತೆ ಒಳಗೆ ಬಂದು ಮಂಚದ ಮೇಲೆ ಕೂತಿದ್ದರು. ಅವರಿರುವ ಕೋಣೆಗೆ ನಾನು ಕಾಲಿಡುವಂತಿಲ್ಲ.

"ಹೆಂಗ್ ಬರ್ತೈತೆ ಕೇಳು," ಎಂದೆ.

"ಅವ್ವಾ, ಹೆಂಗ್ ಬರ್ತೈತೆ?" ಎಂದು ಭಾಗ್ಯ ಒಲೆಯ ಮುಂದಿನಿಂದಲೇ ಕೂಗಿದಳು.

"ಬಾಗುಂದಿ."

"ಚೆನ್ನಾಗೈತಂತ್ರೀ."

ನಾನು ಕೈ ತೊಳೆದುಕೊಂಡೆ. ಮರುದಿನ ಸಂಜೆ ಕೇಳಿದೆ, ಬಾಗುಂದಿ. ಅದರ ಮರುದಿನವೂ ಬಾಗುಂದಿ. ನಾನು ಕೆಲಸ ಮಾಡುವ ಶೇಂಗಾ ಎಣ್ಣೆ ಮಿಲ್ಲಿನ ಆಫೀಸಿನಲ್ಲಿ, ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಟೀವಿ ಕಳಿಸುವುದು ಹೇಗೆ ಎಂದು ಭಾಷಣವೇ ಮಾಡಿದೆ. ಪಕ್ಕದ ಮೇಜಿನ ತಿಪ್ಪೇಸ್ವಾಮಿ ಹಿಂಡಿಯ ಚೀಲದ ಮೇಲೆ ಸೀಮೆಸುಣ್ಣದಲ್ಲಿ ನಕಾಶೆ ಬರೆಸಿಕೊಂಡ. "ಮೆಕ್ಯಾನಿಕ್ಕಿಗೆ ಕೊಡೋದು ದಂಡ ಬಿಡ್ರಿ," ಎಂದ. ದಂಡವೇ, ಎಂದು ನಾನೂ ತಲೆಯಾಡಿಸಿದೆ.

ಗುಟ್ಟು ರಟ್ಟಾದದ್ದು ಆ ವಾರದ ಕೊನೆಯಲ್ಲಿ. ಭಾಗ್ಯ ನಡುಮನೆಯಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತ ಧಾರಾವಾಹಿ ನೋಡುತ್ತಿದ್ದಳು. ಒಳಕೋಣೆಯಿಂದ ಅತ್ತೆಯ ಸಣ್ಣ ದನಿ ಬಂತು. "ಭಾಗ್ಯಾ, ಹಿರೇಸೊಸಿ ಇವತ್ತು ಯಾವ ಬಣ್ಣದ್ದು ಉಟ್ಟಾಳೇ?"

"ಟೀವಿ ನಿನ್ನ ಮುಂದೇ ಐತಲ್ಲವ್ವಾ?"

ಭಾಗ್ಯ ಮೊರವನ್ನು ಕೆಳಗಿಟ್ಟು ಒಳಗೆ ಹೋದಳು. ಅವ್ವನನ್ನು ಏನೋ ನೆಪ ಹೇಳಿ ಹಿತ್ತಲಿಗೆ ಕಳಿಸಿ, ನನ್ನನ್ನು ಬೆರಳಿನಲ್ಲೇ ಕರೆದಳು. ಹೋಗಿ ನೋಡಿದರೆ ಟೀವಿಯ ತುಂಬ ಜರಡಿಯಲ್ಲಿ ಸಜ್ಜೆ ಆಡಿಸಿದ ಹಾಗೆ ಕಾಳು ಕುಣಿಯುತ್ತಿವೆ. ಕಾಳಿನ ಹಿಂದೆ ಯಾರೋ ಅಳುತ್ತಿದ್ದಾರೆ, ಒಬ್ಬರೋ ಇಬ್ಬರೋ ತಿಳಿಯುತ್ತಿಲ್ಲ. ಅದರ ಮೇಲೆ ದಪ್ಪ ಪಟ್ಟಿಗಳು ಹತ್ತಿಕೊಂಡು ಹೋಗುತ್ತಿವೆ. ಇದನ್ನು ನನ್ನ ಅತ್ತೆ ಭಾನುವಾರದಿಂದ ದಿನಾ ಅರ್ಧ ಗಂಟೆ ಕಣ್ಣು ಕೀಲಿಸಿ ನೋಡಿದ್ದರು. ಮಗಳು ಒಳಗೆ ಬರುವ ಸದ್ದಾದರೆ, ಕಣ್ಣು ನೋಯ್ತಾವೆ ಎಂದು ಆರಿಸಿಬಿಡುತ್ತಿದ್ದರಂತೆ.

"ಅಳಿಯಂದಿರು ಅಷ್ಟು ಕಷ್ಟಪಟ್ಟು ಎಳ್ದಾರೆ. ಕಾಣಲ್ಲ ಅಂತ ಯಾವ ಬಾಯಿಂದ ಹೇಳ್ಲಿ," ಎಂದರಂತೆ.

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಎದೆಯಲ್ಲಿ ಒಂದು ಅನುಮಾನ ಹೊಕ್ಕಿತು. ಈ ಸಜ್ಜೆಕಾಳಿಗೆ ಬಾಗುಂದಿ ಎಂದವರು, ಇಷ್ಟು ವರ್ಷ ನನ್ನ ಉಳಿದ ಕೆಲಸಗಳಿಗೆ ಹೇಳಿದ್ದೇನು? ಹಾಗಾದರೆ ಮೊಳಕಾಲ್ಮೂರಿನ ಆ ನಲ್ಲಿ? ಎಂದು ಹೆಂಡತಿಯ ಮುಖ ನೋಡಿದೆ. "ಅದು ಸೋರ್ತಾನೇ ಐತೆ. ನೀವು ಬರೋ ಹಿಂದಿನ ದಿನ ಬಟ್ಟೆ ಕಟ್ಟಿ ಇಡ್ತಾಳೆ," ಎಂದಳು, ಸಾರಿಗೆ ಉಪ್ಪು ಸಾಕಾ ಎಂದು ಕೇಳುವಷ್ಟು ಸಲೀಸಾಗಿ.

ಮದುವೆಯ ಸಂಚಿಕೆ ಸೋಮವಾರಕ್ಕೆ. ವೈರು ಸರಿಮಾಡಬೇಕು, ಆದರೆ ಚಿತ್ರವನ್ನು ನೋಡುತ್ತಿರುವ ಒಬ್ಬರೇ ಸಾಕ್ಷಿ ಏನು ಕೇಳಿದರೂ ಬಾಗುಂದಿ ಎನ್ನುವವರು. ಅವರು ಎದ್ದು ಹೋಗಲಿ ಎಂದರೆ ನೋಯುವ ಕಾಲನ್ನು ಎಷ್ಟು ಸಲ ಹಿತ್ತಲಿಗೆ ಎಳೆಸುವುದು? ಆಗ ನನಗೆ ಹೊಳೆಯಿತು. ಅತ್ತೆ ಅಳಿಯನ ವಿಷಯದಲ್ಲಿ ಸುಳ್ಳು ಹೇಳಿಯಾರು, ಸೀರೆಯ ವಿಷಯದಲ್ಲಿ ಹೇಳಲಾರರು. ಚಿತ್ರ ಹೇಗಿದೆ ಎಂದು ಕೇಳಲೇಬಾರದು. ಶನಿವಾರ ಸಂಜೆ, ಒಲೆ ಬಿಟ್ಟು ಬರಲಾರೆ ಎಂದ ಭಾಗ್ಯಳನ್ನು ಅಡಿಗೆಮನೆಯ ಬಾಗಿಲಲ್ಲಿ ನಿಲ್ಲಿಸಿಕೊಂಡು ಸ್ಟೂಲು ಹತ್ತಿದೆ.

"ಅವ್ವಾ, ಹಿರೇಸೊಸಿ ಸೀರಿ ಹೆಂಗೈತೆ?"

"ಅಂಚು ದೊಡ್ಡದು. ಸೆರಗು ಎರಡು ಅವೆ ಕಣೇ. ಒಂದು ಭುಜದ ಮ್ಯಾಲೆ, ಇನ್ನೊಂದು ಪಕ್ಕದಾಗೆ ಗಾಳಿಯಾಗೆ."

"ಎರಡು ಸೆರಗಂತ್ರೀ."

ತಿರುಚಿ ಕಟ್ಟಿದ್ದ ಗಂಟನ್ನು ಬಿಚ್ಚಿ ಎಸೆದೆ. ಪೇಟೆಯಿಂದ ತಂದಿದ್ದ ಒಂದೇ ಉದ್ದನೆಯ ಹೊಸ ವೈರು ಎಳೆದು, ಎರಡು ತುದಿಗೂ ಸರಿಯಾದ ಪಿನ್ನು ಹಾಕಿದೆ. ಕಾಳು ನಿಂತವು, ಸೆರಗು ಒಂದಾಯಿತು.

"ಅಡ್ಡಪಟ್ಟಿ ಬಾಳ ಅವೆ," ಎಂದರು ಅತ್ತೆ. "ಪಟ್ಟಿ ಸೀರಿದಲ್ಲ ಬಿಡು. ಗೋಡಿ ಮ್ಯಾಲೂ ಅವೆ, ಗಂಡನ ಮಕದ ಮ್ಯಾಲೂ ಅವೆ."

ಮೊಳೆಗಳನ್ನು ಕಿತ್ತು, ವೈರನ್ನು ಕರೆಂಟಿನ ಸಹವಾಸದಿಂದ ಬಿಡಿಸಿ ಗೋಡೆಯ ಇನ್ನೊಂದು ಮಗ್ಗುಲಿಗೆ ತಂದೆ. ಉದುರಿದ ಗಾರೆಯನ್ನು ಭಾಗ್ಯ ನೋಡಿದಳು. ಒಳಗಿನಿಂದ ಅತ್ತೆಯ ದನಿ ಮೊದಲಿಗಿಂತ ಗಟ್ಟಿಯಾಗಿ ಬಂತು. "ಅಂಚಿನಾಗೆ ನವಿಲು ಅವೆ ಕಣೇ. ಒಂದೊಂದು ನವಿಲಿಗೂ ಕೊಕ್ಕು ಐತೆ." ನನಗೆ ಸ್ಟೂಲಿನ ಮೇಲೆಯೇ ಕುಣಿಯುವಷ್ಟು ಸಂತೋಷವಾಯಿತು.

"ಬಣ್ಣ ಕೇಳು, ಬಣ್ಣ," ಎಂದೆ.

"ಅವ್ವಾ, ಬಣ್ಣ ಯಾವುದು?"

ಒಳಗಿನಿಂದ ಮೆತ್ತಗೆ ಬಂತು, "ಬಾಗುಂದಿ."

ನಾನು ಸ್ಟೂಲಿನಿಂದ ಇಳಿದೆ. ಭಾಗ್ಯ ಹೋಗಿ ನೋಡಿ ಬಂದಳು. ಎಲ್ಲ ಹಸಿರಂತೆ. ಸೀರೆ ಹಸಿರು, ಸೊಸೆ ಹಸಿರು, ದೇವರ ಮನೆಯ ಗಣಪತಿ, ಅದರ ಮುಂದಿನ ಅರಿಸಿನ, ಎಲ್ಲ ಒಂದೇ ಹಸಿರು. ಭಾನುವಾರವಿಡೀ ಆ ಟೀವಿಯ ಗುಂಡಿಗಳನ್ನೆಲ್ಲ ತಿರುವಿದೆ, ತಲೆಯ ಮೇಲೆ ತಟ್ಟಿದೆ, ಹಸಿರು ಹೋಗಲಿಲ್ಲ. ವೈರಿನದೇನೂ ತಪ್ಪಿರಲಿಲ್ಲ, ಟೀವಿಗೇ ವಯಸ್ಸಾಗಿತ್ತು. ಬಣ್ಣವಿಲ್ಲದ ಸೀರೆ ಅತ್ತೆಗೆ ಉಪ್ಪಿಲ್ಲದ ಊಟ. ಪಾಪ, ಅಷ್ಟು ದಿನ ಕಾದಿದ್ದ ಮದುವೆಯನ್ನು ಅವರು ಹಸಿರಿನಲ್ಲಿ ನೋಡಬೇಕೆಂದರೆ ನನಗೆ ನಿಜವಾಗಿಯೂ ಬೇಸರವಾಯಿತು.

ನಡುಮನೆಯ ಟೀವಿಯನ್ನೇ ಒಳಗೆ ಇಡೋಣ ಎಂದಳು ಭಾಗ್ಯ. "ಅಳಿಯಂದಿರ ಟೀವಿ ಒಳಗೆ ತಂದ್ರೆ ನಾಳೆ ಮೊದಲ್ನೇ ಬಸ್ಸಿಗೆ ಹೋಗ್ತೀನಿ," ಎಂದರು ಅತ್ತೆ. ಛೆ ಛೆ, ಟೀವಿಯದೇನು ದೊಡ್ಡದು, ಎಂದು ನಾನು ಜೋರಾಗಿಯೇ ಹೇಳಿದೆ. ಮರುದಿನದಿಂದ ಕ್ರಿಕೆಟ್ ಇದ್ದದ್ದರಿಂದ ಎರಡನೆಯ ಸಲ ಹೇಳಲು ಹೋಗಲಿಲ್ಲ.

ಸೋಮವಾರ ಏಳೂಕಾಲಿಗೆ ಅತ್ತೆ ಮತ್ತೆ ಪರದೆಯ ಸಂದಿಯಲ್ಲಿ ಬಂದು ನಿಂತರು. ನಾನು ಹೊರಗೆ ಹೋಗಲು ಎದ್ದೆ. ಅವರು ಒಳಗೆ ಹೋಗಲು ತಿರುಗಿದರು. ನಾನು ಕೂತೆ, ಅವರು ನಿಂತರು. ಒಲೆಯ ಮುಂದಿದ್ದ ಭಾಗ್ಯಳಿಗೆ ರೇಗಿಹೋಯಿತು. ಕೈಯಿರುವ ಮರದ ಕುರ್ಚಿಯನ್ನು ದರದರ ಎಳೆದು ತಂದು ಟೀವಿಯ ಮುಂದೆಯೇ ಹಾಕಿದಳು, ಅದರ ಬೆನ್ನು ನನ್ನ ಕಡೆಗೆ.

"ಎದುರು ಕೂತ್ರೆ ತಾನೆ ತಪ್ಪು? ಬೆನ್ನು ಹಾಕಿ ಕೂತ್ಕೋ. ಇವರ ಮಕ ನಿನಗೆ ಕಾಣಲ್ಲ, ನಿನ್ನ ಮಕ ಇವರಿಗೆ ಕಾಣಲ್ಲ," ಎಂದಳು. "ಇಷ್ಟಕ್ಕೆ ಒಂದು ವಾರ ನನ್ನ ಗೋಡೆ ಒಡೆದ್ರಿ."

ಅತ್ತೆ ಯೋಚಿಸಿದರು. ಹಿರಿಯರು ಹಾಕಿಕೊಟ್ಟ ಕಟ್ಟಳೆಯಲ್ಲಿ ಬೆನ್ನಿನ ವಿಷಯ ಎಲ್ಲಿಯೂ ಇರಲಿಲ್ಲವೆಂದು ಕಾಣುತ್ತದೆ. ತಲೆಯ ತುಂಬ ಸೆರಗು ಹೊದ್ದು, ಗೋಡೆ ಹಿಡಿದುಕೊಂಡು ಬಂದು, ಉಸ್ಸೆಂದು ಕೂತು ಕಾಲು ಚಾಚಿದರು. ಟೀವಿಯ ಬಲಗಡೆಯ ಅರ್ಧ ಅವರ ಸೆರಗಿನ ಹಿಂದೆ ಹೋಯಿತು. ಮದುವೆ ಶುರುವಾಯಿತು. ಅತ್ತೆ ತಮ್ಮಷ್ಟಕ್ಕೆ ತಾವೇ ಗೊಣಗತೊಡಗಿದರು. ಅದು ಜರಿಯಲ್ಲ, ಬರೀ ಥಳಕು. ಹೆಣ್ಣಿನ ತಾಯಿ ಉಟ್ಟಿದ್ದು ಮಾತ್ರ ಮಗ್ಗದ್ದು, ಅದರ ಕೆಂಪು ನೋಡು, ಹಣ್ಣಾದ ತೊಂಡೆಕಾಯಿ. ಒಂದು ಸಲ ನಕ್ಕರು ಕೂಡ. ಅತ್ತೆ ನಗುವುದನ್ನು ನಾನು ಅಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲು. ನನಗೆ ಬಹಳ ಹಿತವಾಯಿತು.

ಜಾಹೀರಾತು ಬಂತು. ಭಾಗ್ಯ ಹಿತ್ತಲಿಗೆ ಹೋಗಿದ್ದಳು, ಮಾತು ದಾಟಿಸುವವರು ಯಾರೂ ಇರಲಿಲ್ಲ. ಅತ್ತೆ ತಲೆ ತಿರುಗಿಸದೆ, ಟೀವಿಯನ್ನೇ ನೋಡುತ್ತ, "ಹಿಂದೆ ಕಾಣ್ತೈತೇನ್ರೀ ಅಳಿಯಂದಿರೇ?" ಎಂದು ಕೇಳಿದರು.

"ಪೂರ್ತಿ ಕಾಣ್ತೈತೆ ಅತ್ತೆ. ಆರಾಮಾಗಿ ಕೂತ್ಕೊಳ್ರಿ," ಎಂದೆ.

ಕಾಲು ವಾಸಿಯಾಗಿ ಅವರು ಊರಿಗೆ ಹೋಗುವ ತನಕ ಕುರ್ಚಿ ಅಲ್ಲೇ ಇತ್ತು. ಆ ಧಾರಾವಾಹಿಯನ್ನು ನಾನೂ ದಿನಾ ಬಿಡದೆ ನೋಡಿದೆ. ಅದರ ನಾಯಕ ನೋಡಲು ಹೇಗಿದ್ದ ಎಂದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ. ಅವನು ಯಾವಾಗಲೂ ಬಲಗಡೆಯೇ ನಿಲ್ಲುತ್ತಿದ್ದ.